ಬರುವ ಎಳೆ

ನಾನು ಕಟ್ಟಿದ ಭಾಷೆಯನ್ನು ಬಲ್ಲವರು ಒಟ್ಟು ಮೂವರು. ಅವರಲ್ಲಿ ಒಬ್ಬ ಭೂಮಿಯ ಮೇಲಿಲ್ಲ. ಹೀಗೆ ಹೇಳಿದ ಕೂಡಲೇ ಕೇಳಿದವರು ಮುಖ ಸಣ್ಣದು ಮಾಡಿಕೊಂಡು "ಅಯ್ಯೋ ಪಾಪ" ಅನ್ನುತ್ತಾರೆ. ಸತ್ತವನ ಮಾತಲ್ಲರೀ, ಶನಿಗ್ರಹಕ್ಕೆ ಹೋದವನ ಮಾತು ಎಂದು ನಾನು ಬಿಡಿಸಿ ಹೇಳುತ್ತಿದ್ದೆ. ಬಿಡಿಸಿ ಹೇಳುವಾಗ ನನ್ನ ದನಿಯೂ ಅಷ್ಟೇನೂ ಗಟ್ಟಿಯಾಗಿರುತ್ತಿರಲಿಲ್ಲ. ಅವನು ಇದ್ದಾನೋ ಇಲ್ಲವೋ ಎಂಬುದು ಎರಡು ವರ್ಷಕ್ಕೂ ಮೇಲೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು ಅಂಬುಜಾ ಕೆರೂರ. ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬಳೇ ಇರುತ್ತೇನೆ. ನೌಕರಿಯಲ್ಲಿದ್ದಷ್ಟು ಕಾಲ ನನ್ನ ಕೆಲಸ ಸಾಯಲು ಬಿದ್ದ ಭಾಷೆಗಳನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಣ ಮಾಡುವುದಾಗಿತ್ತು. ಒಂದು ಭಾಷೆಯ ಕೊನೆಯ ಮನುಷ್ಯರು ಹೇಗಿರುತ್ತಾರೆ ಎಂದು ಕಣ್ಣಾರೆ ಕಂಡವಳು ನಾನು. ಒಬ್ಬ ಅಜ್ಜಿ ತನ್ನ ಭಾಷೆಯನ್ನು ಕೋಳಿಗಳ ಜೊತೆ ಆಡುತ್ತಿದ್ದಳು. ಮನುಷ್ಯರ ಪೈಕಿ ಅದು ತಿಳಿಯುವವರು ಉಳಿದಿರಲಿಲ್ಲ. ಇಂಥದನ್ನೆಲ್ಲ ನೋಡಿಯೂ ನಿವೃತ್ತಿಯಾದ ಮೇಲೆ ಇಬ್ಬರೇ ಆಡುವ ಹೊಸ ಭಾಷೆಯೊಂದನ್ನು ಕಟ್ಟಲು ಒಪ್ಪಿಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ಒಪ್ಪಿಸಿದವರು ಇನಾಮದಾರ ಸಾಹೇಬರು. ಅವರು ಸಿಡಿಲಗುಡ್ಡದ ಆಲಿಕೆ ಕೇಂದ್ರದ ಮುಖ್ಯಸ್ಥರು. ನವಲಗುಂದದ ಕಡೆಗೆ ಎರೆಭೂಮಿಯ ನಡುವೆ ಒಂದೇ ಒಂದು ದಿಬ್ಬ, ಅದರ ಮೇಲೆ ಆಕಾಶಕ್ಕೆ ಮುಖ ಮಾಡಿದ ದೊಡ್ಡ ಬಿಳಿ ಬೋಗುಣಿಗಳು. ದೂರದ ನೌಕೆಗಳ ಜೊತೆ ಮಾತಾಡುವ ಜಾಗ ಅದು. ಸುತ್ತಲಿನ ಊರವರು ಅದನ್ನು ಕೇಳುಮನೆ ಅನ್ನುತ್ತಾರೆ.

ಸಾಹೇಬರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ ಹೇಳಿದರು, "ಅಂಬಕ್ಕಾರ, ನಮ್ಮ ತೊಂದ್ರಿ ಯಂತ್ರದ್ದಲ್ಲ, ಮನುಷ್ಯಾಂದು. ಭಾಳ ದೂರ ಹ್ವಾದವರು ಮಾತ ಬಿಟ್ಟಬಿಡ್ತಾರ."

ತೊಂದರೆ ಹೀಗಿತ್ತು. ಶನಿಗ್ರಹದ ಬಳಿ ಇರುವವನಿಗೆ ನಾವು "ಊಟ ಆತೇನು?" ಎಂದು ಕೇಳಿದರೆ ಪ್ರಶ್ನೆ ಅಲ್ಲಿಗೆ ತಲುಪಲು ಒಂದು ಗಂಟೆಗೂ ಹೆಚ್ಚು ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಅಷ್ಟರಲ್ಲಿ ಊಟ ಮಾಡಿದವನಿಗೆ ಮತ್ತೆ ಹಸಿವಾಗಿರುತ್ತದೆ. ಮೊದಮೊದಲು ಯಾತ್ರಿಗಳು ಮನೆಯವರ ಧ್ವನಿ, ಚಿತ್ರ ಎಲ್ಲವನ್ನೂ ಆಸೆಯಿಂದ ನೋಡುತ್ತಾರೆ. ಆಮೇಲೆ ನೋಡುವುದನ್ನು ಬಿಡುತ್ತಾರೆ. ಬಂದ ಮಾತು ಪೂರ್ತಿಯಾಗಿ ಮುಗಿದೇ ಬಂದಿರುತ್ತದೆ, ತಾವು ಕೇಳಿದರೂ ಕೇಳದಿದ್ದರೂ ಅದಕ್ಕೇನೂ ಆಗುವುದಿಲ್ಲ ಅನ್ನಿಸತೊಡಗುತ್ತದೆ. ಹಾಗೆ ಮೌನವಾದವರು ಊಟ ಬಿಡುತ್ತಾರೆ, ಕೆಲಸ ಬಿಡುತ್ತಾರೆ. ಒಬ್ಬನಂತೂ ಮರಳಿ ಬಂದಮೇಲೂ ಮಾತಾಡಲಿಲ್ಲ.

ಸಾಹೇಬರು ಇದನ್ನೆಲ್ಲ ಹೇಳುವಾಗ ನನ್ನ ತೊಡೆಯ ಮೇಲೆ ಕಸೂತಿಯ ಬಟ್ಟೆ ಇತ್ತು. ನಮ್ಮ ಕಡೆಯ ಕಸೂತಿಯಲ್ಲಿ ಗವಂತಿ ಎಂಬುದೊಂದು ಹೊಲಿಗೆ. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಖಾಲಿ ಬಿಡುತ್ತ ಹೋಗುತ್ತದೆ. ತುದಿ ಮುಟ್ಟಿ ಅಲ್ಲಿಂದ ತಿರುಗಿ, ಬರುವಾಗ ಆ ಖಾಲಿಗಳನ್ನು ತುಂಬುತ್ತ ಹೊರಟಲ್ಲಿಗೇ ಬರುತ್ತದೆ. ಗಂಟು ಹಾಕುವಂತಿಲ್ಲ. ಹೋಗುವ ಎಳೆಯೊಂದೇ ಇದ್ದರೆ ಅದು ಬರೀ ಚುಕ್ಕಿಚುಕ್ಕಿ ಗೆರೆ, ಎಳೆದರೆ ಕಿತ್ತು ಬರುತ್ತದೆ. ಬರುವ ಎಳೆ ಸೇರಿದಾಗಲೇ ಗೋಪುರ ಗೋಪುರವಾಗುವುದು, ನವಿಲು ನವಿಲಾಗುವುದು.

ನಾನು ಕೇಳಿದೆ, "ಸಾಹೇಬ್ರ, ಒಬ್ಬರಿಂದಲೇ ಮುಗಿಸಲಿಕ್ಕೆ ಆಗದ ಮಾತು ಇದ್ದರ ಹೆಂಗ?"

ಹೀಗೆ ಹುಟ್ಟಿತು ಎಳೆನುಡಿ. ಅದರ ಲಿಪಿ ಗವಂತಿಯದೇ: ಚೌಕುಳಿ ಮನೆಗಳ ಮೇಲೆ ನಿಂತ ಗೆರೆ, ಮಲಗಿದ ಗೆರೆ, ಎರಡು ಓರೆ ಗೆರೆ. ಮನೆ, ನೀರು, ನಡೆ, ಕಾಯು ಇಂಥ ಮೂಲ ಪದಗಳಿಗೆ ಒಂದೊಂದು ಆಕೃತಿ. ಆಕೃತಿಯ ಬಾಲ ಮೇಲಕ್ಕೆ ಹೋದರೆ ಆಗಬೇಕಾದದ್ದು, ಕೆಳಕ್ಕಿಳಿದರೆ ಆಗಿಹೋದದ್ದು. ಕೆಳಗೆ ಮೆಟ್ಟಿಲು ಹಾಕಿದರೆ ಹೇಳುವವರಿಗೆ ಆ ಸಂಗತಿ ಹೇಗೆ ಗೊತ್ತು ಎಂಬುದರ ಗುರುತು: ಮೂರು ಮೆಟ್ಟಿಲಿದ್ದರೆ ಕಣ್ಣಾರೆ ಕಂಡದ್ದು, ಎರಡಿದ್ದರೆ ಕೇಳಿದ್ದು, ಒಂದೇ ಇದ್ದರೆ ಬರೀ ಆಸೆ. ಇದರ ಜೊತೆಗೆ ಲೋಕದ ಯಾವ ಭಾಷೆಯಲ್ಲೂ ನಾನು ಕಾಣದ ಒಂದು ಕಾಲವನ್ನು ಸೇರಿಸಿದೆ. ಹೊರಡುವಾಗ ನಿಜವಾಗಿತ್ತು, ತಲುಪುವ ಹೊತ್ತಿಗೆ ಏನಾಗಿದೆಯೋ ಗೊತ್ತಿಲ್ಲ ಎಂದು ಹೇಳುವ ಕಾಲ. ಅದಕ್ಕೆ ಹೊರಟಕಾಲ ಎಂದು ಹೆಸರಿಟ್ಟೆ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ. ಹೇಳುವವರು ಪ್ರತಿ ಸಾಲಿನಲ್ಲೂ ಖಾಲಿ ಬಿಡಬೇಕು. ಕೇಳಿದವರು ಅದನ್ನು ತುಂಬಿ ಹಿಂದಕ್ಕೆ ಕಳಿಸಬೇಕು. ಅಲ್ಲಿಯವರೆಗೆ ಆ ಮಾತು ಆಡಿದಂತಲ್ಲ. ಎಂಜಿನಿಯರುಗಳಿಗೂ ಇದು ಹಿಡಿಸಿತು. ಹೊಲಿಗೆ ಇದ್ದಲ್ಲಿ ಒಂದು ಮಿಡಿತ, ಇಲ್ಲದಲ್ಲಿ ಮೌನ. ಎಷ್ಟು ಕ್ಷೀಣವಾದ ಸಂಕೇತದಲ್ಲೂ ಇಷ್ಟನ್ನು ದಾಟಿಸಬಹುದು.

ಕಲಿಯಲು ಬಂದವನು ನರಗುಂದದ ಉಳವಪ್ಪ ಕಮ್ಮಾರ. ಒಬ್ಬನಿಗೆ ಸಾಕಾಗುವ ಅನ್ನ, ನೀರು, ಗಾಳಿಯನ್ನು ಹೊರುವುದಕ್ಕೇ ನೌಕೆ ಏದುಸಿರು ಬಿಡುತ್ತಿತ್ತು, ಆದ್ದರಿಂದ ಒಬ್ಬನೇ ಹೋಗುವವನಿದ್ದ. ಎತ್ತರದ ಆಳು, ಸುತ್ತಿಗೆ ಹಿಡಿಯಲೆಂದೇ ಹುಟ್ಟಿದ ಕೈ. ನಮ್ಮ ನಡುಮನೆಯ ಬೆತ್ತದ ಖುರ್ಚಿಯಲ್ಲಿ ಕೂತು ಸೂಜಿಯನ್ನು ಕಣ್ಣಿನ ಹತ್ತಿರ ಹಿಡಿದು ಗೋಳಾಡುತ್ತಿದ್ದ.

"ಅಂಬಕ್ಕಾರ, ಶನಿಗೆ ಹೋಗೂದು ಸರಳ ಐತ್ರೀ. ಈ ಸೂಜ್ಯಾಗ ದಾರ ಹಾಕೂದು ಆಗವಲ್ತು."

"ದಾರ ಹಾಕಲಾರದವಗ ನೌಕೆ ಯಾರು ಕೊಟ್ರೋ?"

"ಅವರು ಇದನ್ನ ಕೇಳಲಿಲ್ಲ ಬಿಡ್ರಿ, ಬದುಕಿದೆ."

ಆ ಮಳೆಗಾಲವೆಲ್ಲ ಅವನು ನಮ್ಮ ಮನೆಯಲ್ಲಿ ಗಲಾಟೆ ಎಬ್ಬಿಸಿದ. ಅಡುಗೆಮನೆಗೆ ನುಗ್ಗಿ ಶೇಂಗಾ ಚಟ್ನಿಯ ಡಬ್ಬಿ ಖಾಲಿ ಮಾಡಿದ, ನನ್ನ ರೇಡಿಯೋ ಬಿಚ್ಚಿ ರಿಪೇರಿ ಮಾಡಿ ಒಂದು ಸ್ಕ್ರೂ ಉಳಿಸಿದ. ಆ ಸ್ಕ್ರೂ ಇಲ್ಲದೆಯೂ ರೇಡಿಯೋ ಹಾಡುತ್ತದೆ. ಅವನು ಹೋದ ಮರುದಿನ ಮನೆ ಎಷ್ಟು ದೊಡ್ಡದು ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಅವನ ಹೆಂಡತಿ ನೀಲಗಂಗಾ ಆಗ ಎಳೆನುಡಿಯನ್ನು ಕಲಿಯಲು ಒಪ್ಪಲಿಲ್ಲ. ಅವಳು ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಳು. "ನನಗ ಕನ್ನಡ ಸಾಕ್ರೀ. ಅಂವಗ ನನ್ನ ದನಿ ಕೇಳಸ್ಬೇಕು, ರಂಗೋಲಿ ಅಲ್ಲ," ಎಂದು ಫೋನಿನಲ್ಲೇ ಮುಗಿಸಿದಳು. ಗಂಡ ಹೊರಟಿದ್ದೇ ಅವಳಿಗೆ ಮನಸ್ಸಿರಲಿಲ್ಲ. ಬೀಳ್ಕೊಡುವ ದಿನ ಎಲ್ಲರೂ ಬಂದರು, ಅವಳು ಬರಲಿಲ್ಲ. ಉಳವಪ್ಪ ಬಾಗಿಲ ಕಡೆ ನೋಡುತ್ತಲೇ ಇದ್ದು ಕೊನೆಗೆ ಹೊರಟುಹೋದ.

ಹೋಗುವ ದಾರಿಯುದ್ದಕ್ಕೂ ನಾವಿಬ್ಬರು ಮಾತಾಡಿದೆವು. ಹೆಂಡತಿಯ ಧ್ವನಿ ಕೇಂದ್ರದ ಬೋಗುಣಿಯಿಂದ ನೌಕೆಯ ದೊಡ್ಡ ಬೋಗುಣಿಗೆ ಹೋಗುತ್ತಿತ್ತು, ನನ್ನ ಸಾಲು ಅದರ ಬಾಲಕ್ಕೆ ಅಂಟಿಕೊಂಡು. "ಇಲ್ಲಿ ಬೇವಿನ ಮರ ____" ಎಂದು ನಾನು ಕಳಿಸಿದರೆ ಅವನು "ಹೂ ಬಿಟ್ಟಿದೆ, ನಿಮಗೆ ಸೀನು ಬರುತ್ತಿದೆ" ಎಂದು ತುಂಬಿ ಕಳಿಸುವವನು. "ನನ್ನ ಕಿಟಕಿಯಲ್ಲಿ ____" ಎಂದು ಅವನು ಕಳಿಸಿದರೆ ನಾನು ಅರ್ಧ ದಿನ ಯೋಚಿಸಿ ತುಂಬುತ್ತಿದ್ದೆ. ಉತ್ತರ ಬರುವವರೆಗೂ ಇಬ್ಬರೂ ಒಂದೇ ವಾಕ್ಯದೊಳಗೆ ಇರುತ್ತಿದ್ದೆವು. ನನ್ನ ಆಯುಷ್ಯದಲ್ಲಿ ಯಾರೂ ನನ್ನ ಮಾತಿಗೆ ಅಷ್ಟು ಕಾದದ್ದಿಲ್ಲ.

ಒಂದು ದಿನ ನನಗೇನಾಯಿತೋ, ನನ್ನ ಬಗ್ಗೆ ಒಂದು ಸಾಲು ಬರೆದೆ. ಭಾಷೆ ಕಟ್ಟಿದವಳು ನಾನಾದರೂ ನನ್ನ ವಿಷಯವನ್ನು ಅದರಲ್ಲಿ ಹೇಳಿದ್ದೇ ಇರಲಿಲ್ಲ. "ಈ ಮನೆಯಲ್ಲಿ ____ ಇದ್ದಾರೆ" ಎಂದು ಬರೆದೆ. ನಾನೊಬ್ಬಳೇ ಎಂದು ಅವನು ತುಂಬಲಿ, ಯಾರಾದರೂ ಒಮ್ಮೆ ಅದನ್ನು ನನ್ನ ಎದುರಿಗೆ ಹೇಳಲಿ ಎಂಬ ಆಸೆಯಿತ್ತು. ಬೇರೆ ಏನಾದರೂ ತುಂಬಲಿ ಎಂಬ ಆಸೆಯೂ ಇತ್ತು.

ಉತ್ತರ ಬರಲಿಲ್ಲ. ಮರುದಿನ ಯಾರಿಗೂ ಉತ್ತರ ಬರಲಿಲ್ಲ.

ಸಾಹೇಬರು ನನ್ನನ್ನೂ ನೀಲಗಂಗಾಳನ್ನೂ ಕೇಂದ್ರಕ್ಕೆ ಕರೆಸಿದರು. ಅವಳನ್ನು ನಾನು ಕಂಡದ್ದು ಆಗಲೇ ಮೊದಲು. ಚೂಪು ಕಣ್ಣಿನ ಹೆಂಗಸು, ಮೈಕಿನಲ್ಲಿ ಕೂಗಿ ಕೂಗಿ ಒಡೆದ ಗಂಟಲು. ಸಾಹೇಬರು ಗೋಡೆಯ ಮೇಲಿನ ನಕಾಶೆಯ ಮುಂದೆ ನಿಂತು ವಿವರಿಸಿದರು. ನೌಕೆಯ ದೊಡ್ಡ ಬೋಗುಣಿ ಒಮ್ಮೆಲೇ ನಮ್ಮ ಕಡೆಯಿಂದ ಮುಖ ತಿರುಗಿಸಿದೆ. ಕಲ್ಲು ಬಡಿಯಿತೋ, ಕೀಲು ಸಿಕ್ಕಿಕೊಂಡಿತೋ ತಿಳಿಯದು. ಸಂಕೇತ ಹಿಡಿಯಲು ಉಳಿದಿರುವುದು ಗೇಣುದ್ದದ ಚಿಕ್ಕ ಕಡ್ಡಿ.

"ಆ ಕಡ್ಡಿಗೆ ನಾವು ಒದರಿದ್ದು ಕೇಳ್ತದ," ಅಂದರು ಸಾಹೇಬರು. "ಧ್ವನಿ ಗಿನಿ ಹೋಗೂದಿಲ್ಲ, ಎಳೆನುಡಿ ಅಷ್ಟ ಹೋಗ್ತದ. ಆದರ ಆಂವ ಅದರಿಂದ ಪಿಸುಗುಟ್ಟಿದ್ರ ಅಷ್ಟು ದೂರದಿಂದ ನಮಗ ಕೇಳೂದಿಲ್ಲ. ತಿರುಗಿ ಬರ್ತಾ ಮಂಗಳನ ಹಾದಿ ದಾಟಿದ ಮ್ಯಾಲ ಕೇಳಬಹುದು."

"ಯಾವಾಗ ದಾಟತಾನ?" ಎಂದಳು ನೀಲಗಂಗಾ.

"ಎರಡ ವರ್ಷದ ಮ್ಯಾಲ ಆಗ್ತದವಾ. ನೌಕೆ ತಿರುಗೂ ಲೆಕ್ಕ ಮದಲ ಹಾಕೇವಿ. ಅದು ತಾನ ಬರ್ತದ."

"ನೌಕೆ ತಾನ ಬರ್ತೈತಿ. ಒಳಗಿನಾಂವ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ಭಾನುವಾರ ನೀಲಗಂಗಾ ಒಂದು ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಚೀಲದಲ್ಲಿ ಅವಳ ಮದುವೆಯ ಚಂದ್ರಕಾಳಿ ಸೀರೆ. ನಮ್ಮ ಕಡೆ ಮದುಮಗಳಿಗೆ ಕೊಡುವ ಆ ಕಪ್ಪು ಸೀರೆಗೆ ಕಸೂತಿ ಹಾಕಿಸುವುದು ರೂಢಿ. ಅವಳದು ಹಾಗೇ ಬರಿದಾಗಿ ಉಳಿದಿತ್ತು. "ಕಲಸ್ರಿ," ಎಂದಳು. ಮತ್ತೇನೂ ಹೇಳದೆ ಬೆತ್ತದ ಖುರ್ಚಿಯಲ್ಲಿ ಕುಳಿತುಬಿಟ್ಟಳು.

ಅವಳಂಥ ಕೆಟ್ಟ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ. ಆಕೃತಿಗಳನ್ನು ಬೇಗ ಕಲಿತಳು, ಬಾಲ ಮೆಟ್ಟಿಲು ಎಲ್ಲ ಕಲಿತಳು. ಖಾಲಿ ಬಿಡುವುದು ಮಾತ್ರ ಅವಳಿಂದ ಆಗಲೇ ಇಲ್ಲ. ದಿನವಿಡೀ ಬಸ್ಸಿನ ಹೆಸರು, ಊರು, ಪ್ಲಾಟ್‌ಫಾರ್ಮಿನ ಸಂಖ್ಯೆ ಎಲ್ಲವನ್ನೂ ಒಂದಕ್ಷರ ಬಿಡದೆ ಕೂಗುವ ನಾಲಿಗೆ ಅದು.

"ಖಾಲಿ ಬಿಡು ಅಂದೆ."

"ಬಿಟ್ರ ಅಂವ ಏನರ ತಿಳ್ಕೊಂಡಾನು."

"ತಿಳ್ಕೊಳ್ಳಲಿ ಅಂತನ ಬಿಡೂದು."

"ನಿಮಗ ಏನ್ರೀ, ನೀವು ಅವನ ಹೆಂಡ್ತಿ ಅಲ್ಲ. ತಪ್ಪ ತಿಳ್ಕೊಂಡ್ರ ನನ್ನ ಸಂಸಾರ ಹೋಗತೈತಿ."

ನನಗೆ ಸಿಟ್ಟು ಬಂತು. ಆದರೂ ಮತ್ತೊಂದು ಚೌಕುಳಿ ಕಾಗದವನ್ನು ಅವಳ ಮುಂದೆ ಇಟ್ಟೆ. ಆ ದಿನ ಅವಳು ತನ್ನ ಮೊದಲ ಸಾಲನ್ನು ಬರೆದಳು. "ಆ ದಿನ ನಾನು ಬರಲಿಲ್ಲ, ಯಾಕೆಂದರೆ ____." ಖಾಲಿ ಬಿಟ್ಟದ್ದು ನಿಯಮಕ್ಕಾಗಿಯೋ ಉತ್ತರ ತನಗೂ ಗೊತ್ತಿಲ್ಲದ್ದಕ್ಕೋ ನಾನು ಕೇಳಲಿಲ್ಲ. ಅದನ್ನು ಕೇಂದ್ರಕ್ಕೆ ಕಳಿಸಿ, ಅದೇ ಸಾಲನ್ನು ಸೀರೆಯ ಸೆರಗಿನ ಮೇಲೆ ಬಿಳಿ ದಾರದಲ್ಲಿ ಹೊಲಿದಳು. ಅದನ್ನು ನೋಡುತ್ತ ನನಗೆ ಏನೋ ಅನ್ನಿಸಿ, ಅವಳ ಸಾಲಿನ ಮೇಲುಗಡೆ ಸೆರಗಿನ ಮೂಲೆಯಲ್ಲಿ, ಉತ್ತರ ಬಾರದ ನನ್ನ ಆ ಒಂದು ಸಾಲನ್ನೂ ಹೊಲಿದೆ.

"ಇದೇನ್ರೀ?" ಎಂದಳು.

"ಕೈ ಪಳಗಲಿ ಅಂತ ಹಾಕಿದ್ದು," ಎಂದೆ. ಅವಳು ನಂಬಿದಳೋ ಬಿಟ್ಟಳೋ.

ಅಲ್ಲಿಂದ ದಿನಕ್ಕೊಂದು ಸಾಲು. ಮಧ್ಯಾಹ್ನ ಬೋಗುಣಿ ಬಿಡುವಾಗಿದ್ದಾಗ ಸ್ವಲ್ಪ ಹೊತ್ತು ನಮಗೆ ಕೊಡುತ್ತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ಕಳಿಸಬೇಕು, ಆಗಲೇ ಆ ಕಡ್ಡಿಗೆ ಕೇಳುವುದು. ಅದು ಹೆಂಡತಿಯ ಹಕ್ಕಿನ ಹೊತ್ತು, ಅದರಲ್ಲಿ ನನ್ನ ಸಾಲು ಸೇರಿಸುವ ಮಾತೇ ಇರಲಿಲ್ಲ. ನಾನು ತಿದ್ದುವವಳು ಮಾತ್ರ.

ಭಾನುವಾರ ಬಂದರೆ ನೀಲಗಂಗಾ ವಾರದ ಸಾಲುಗಳನ್ನು ಸೆರಗಿಗೆ ಹೊಲಿಯುತ್ತ ಕೂರುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. "ನಿಮ್ಮ ರೊಟ್ಟಿ ದುಂಡಗಿಲ್ಲ," ಅವಳ ತಕರಾರು. "ನಿನ್ನ ಹೊಲಿಗೆ ನೆಟ್ಟಗಿಲ್ಲ," ನನ್ನ ತಕರಾರು. "ಇವತ್ತೂ ಗದಗಿನ ಬಸ್ಸು ____." "ನಿನ್ನ ನೀಲಿ ಅಂಗಿಯನ್ನು ನಾನು ____." "ಅಂಬಕ್ಕನ ಮನೆಯಲ್ಲಿ ನಿನ್ನ ಖುರ್ಚಿಯ ಮೇಲೆ ಈಗ ____." ಕಪ್ಪು ಬಟ್ಟೆಯ ಮೇಲೆ ಚುಕ್ಕಿಚುಕ್ಕಿ ಸಾಲುಗಳು ಒಂದರ ಕೆಳಗೊಂದು ಬೆಳೆದವು. ಒಂದೂ ಪೂರ್ತಿಯಾಗಿರಲಿಲ್ಲ. ಎಲ್ಲವನ್ನೂ ಅವಳು ಹೊರಟಕಾಲದಲ್ಲೇ ಬರೆಯುತ್ತಿದ್ದಳು. ಆದರೆ ಕೇಳುವವನ ವಿಷಯದಲ್ಲೂ ಅದೇ ಕಾಲ ಬಳಸಬೇಕಲ್ಲ ಎಂದು ನನಗೆ ಆಗಾಗ ಹೊಳೆಯುತ್ತಿತ್ತು. ಹೊರಡುವಾಗ ಬದುಕಿದ್ದ.

ಸಂಜೆ ಅವಳು ಬಸ್ಸು ಹತ್ತಿ ಹೋದಮೇಲೆ ನಾನು ಖುರ್ಚಿಯನ್ನು ಗೋಡೆಗೆ ಸರಿಸಿ ರೇಡಿಯೋ ಹಚ್ಚುತ್ತಿದ್ದೆ. ಕೋಳಿಗಳ ಜೊತೆ ಮಾತಾಡುತ್ತಿದ್ದ ಅಜ್ಜಿ ನೆನಪಾಗುತ್ತಿದ್ದಳು. ಆಕೆಗೆ ಕೋಳಿಗಳಾದರೂ ಇದ್ದವು.

ನೌಕೆ ಮಂಗಳನ ಹಾದಿ ದಾಟುವ ವಾರ ಬಂತು. ಅದು ದಾಟಿದ್ದು ಖಚಿತ. ಕೇಂದ್ರದ ರಾಡಾರಿನಲ್ಲಿ ಅದೊಂದು ಕಲ್ಲಿನ ಚೂರಿನ ಹಾಗೆ ಕಂಡಿತು, ಲೆಕ್ಕ ಹಾಕಿದ ಜಾಗದಲ್ಲೇ ಇತ್ತು. ನಾವಿಬ್ಬರೂ ನಿಯಂತ್ರಣ ಕೋಣೆಯಲ್ಲಿ ಕಾದೆವು. ಪರದೆಯ ಮೇಲೆ ಬರೀ ಗೊಜಗೊಜ. ಮರುದಿನವೂ ಅಷ್ಟೇ, ಮರುವಾರವೂ ಅಷ್ಟೇ. ನೀಲಗಂಗಾ ರಜೆ ಮುಗಿದು ಊರಿಗೆ ಹೋದಳು. ಅಲ್ಲಿಂದಲೇ ಕೊನೆಯದಾಗಿ ಒಂದು ಸಾಲು ಕಳಿಸಿದಳು. "ಸಾಕು. ಇನ್ನು ____ ಬೇಡ."

ಆ ಭಾನುವಾರ ಬಂದು ಅದನ್ನು ಸೆರಗಿಗೆ ಹೊಲಿದಳು. ತುದಿಗೆ ಬಂದಾಗ ದಾರವನ್ನು ಬೆರಳಿಗೆ ಸುತ್ತಿ, ಗಂಟು ಹಾಕಿ, ಹಲ್ಲಿನಿಂದ ಕಡಿದಳು.

"ಏನ ಮಾಡಿದಿ?" ನಾನು ಕೂಗಿದೆ. "ಗವಂತಿಗೆ ಗಂಟು ಹಾಕತಾರೇನು?"

"ಬರೂ ಎಳಿ ಇಲ್ಲ ಅಂದ ಮ್ಯಾಲ ಗಂಟರ ಇರ್ಲಿ. ಹಾಕಲಿಲ್ಲಂದ್ರ ಎಲ್ಲಾ ಕಿತ್ತ ಹೋಗತೈತಿ."

"ಇನ್ನೊಂದಿಷ್ಟ ದಿನ ನೋಡೋಣ."

"ನೀವ ನೋಡ್ರಿ. ನಿಮಗ ಇದು ಭಾಷಾ. ನನಗ ಗಂಡ." ಅವಳ ಒಡೆದ ದನಿ ಇನ್ನೂ ಒಡೆಯಿತು. "ದಿನಾ ಬರದೇನ್ರೀ. ಒಂದ ದಿನಾ ಬಿಟ್ಟಿಲ್ಲ. ಹಾಳಬಾವಿಗೆ ಕಲ್ಲ ಒಗದ್ರೂ ಒಂದು ಸಪ್ಪಳ ಬರತೈತಿ."

ಸೀರೆಯನ್ನು ಖುರ್ಚಿಯ ಮೇಲೆ ಬಿಟ್ಟು ಹೋದಳು. ಅದು ನನಗೆ ಭಾಷೆ ಮಾತ್ರವಲ್ಲ ಎಂದು ನಾನು ಕೂಗಿ ಹೇಳಬೇಕಿತ್ತು. ಯಾವ ಬಾಯಿಂದ ಹೇಳಲಿ? ಅವಳ ದುಃಖಕ್ಕೆ ಊರೆಲ್ಲ ಒಪ್ಪುವ ಹೆಸರಿತ್ತು. ನನ್ನದಕ್ಕೆ ಹೆಸರೇ ಇರಲಿಲ್ಲ.

ಕೆಲವು ದಿನಗಳ ಮೇಲೆ ಸಾಹೇಬರ ಫೋನು ಬಂತು. "ಅಂಬಕ್ಕಾರ, ಇವತ್ತಿಗೆ ಆ ಬೋಗುಣಿ ಬ್ಯಾರೆ ನೌಕೆಗೆ ಹೊಳ್ಳತದ. ಮ್ಯಾಲಿನವರ ಹುಕುಂ. ನನ್ನ ಕೈಯಾಗ ಏನಿಲ್ಲ. ಬರೂದಿದ್ರ ಬರ್ರಿ."

ನಾನು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಯಾಕೆ ಒಯ್ದೆ ಎಂದರೆ, ಬೀಳ್ಕೊಡಲು ಬರಿಗೈಲಿ ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ನಿಯಂತ್ರಣ ಕೋಣೆಯಲ್ಲಿ ಸಾಹೇಬರೂ ಒಬ್ಬ ಎಂಜಿನಿಯರೂ ಇದ್ದರು. ಒಂದು ಸ್ಪೀಕರಿನಿಂದ ಟಕ್, ಟಕ್ಟಕ್ ಎಂದು ಬಲು ಸಣ್ಣ ಸದ್ದು ಬರುತ್ತಿತ್ತು.

"ಇದೇನು?" ಎಂದೆ.

"ಎರಡ ದಿನದಿಂದ ಬರಾಕತ್ತೈತ್ರೀ," ಎಂದ ಎಂಜಿನಿಯರ್. "ನೌಕೆಯಿಂದನ ಬರತೈತಿ. ಆದರ ಮಾತಲ್ಲ. ನಾವು ಕಳಿಸಿದ ಎಲ್ಲಾ ಸಾಲಿನ ಜೋಡಿ ಯಂತ್ರ ಹೋಲಿಸಿ ನೋಡೇತಿ. ಒಂದಕ್ಕೂ ಕೂಡವಲ್ದು. ಯಾವುದೋ ಭಾಗ ಕೆಟ್ಟು ಹಂಗ ಮಿಡಿಯಾಕತ್ತೈತಿ."

ಸಾಹೇಬರು ನನ್ನ ಮುಖ ನೋಡಲಿಲ್ಲ. ನಾನು ಒಂದು ಖುರ್ಚಿ ಎಳೆದುಕೊಂಡು ಕೂತೆ. ಸೀರೆ ತೊಡೆಯ ಮೇಲಿತ್ತು. ಗಂಟು ಕೈಗೆ ತಾಕಿತು, ಹಾಳು ಗಂಟು. ಅದನ್ನು ಸವರುತ್ತ, ಬೆರಳು ಸುಮ್ಮನೆ ಆ ಕೊನೆಯ ಸಾಲಿನ ಮೇಲೆ ಹಿಂದಕ್ಕೆ ಹೋಗತೊಡಗಿತು. ಸ್ಪೀಕರಿನಲ್ಲಿ ಸದ್ದು ನಿಂತಿತು, ಮೊದಲಾಯಿತು. ನಿಂತಿತು, ಮೊದಲಾಯಿತು. ಒಂದೇ ತುಣುಕನ್ನು ಮತ್ತೆ ಮತ್ತೆ ಮಿಡಿಯುತ್ತಿತ್ತು, ನಾವು ಕಳಿಸುತ್ತಿದ್ದ ಹಾಗೆಯೇ.

ಮೂರನೆಯ ಸಲವೋ ನಾಲ್ಕನೆಯ ಸಲವೋ ನನ್ನ ಬೆರಳು ನಿಂತುಬಿಟ್ಟಿತು. ಬಟ್ಟೆಯ ಮೇಲೆ ದಾರ ಇದ್ದಲ್ಲಿ ಸ್ಪೀಕರು ಮೌನ. ದಾರ ಇಲ್ಲದಲ್ಲಿ ಟಕ್.

ಯಂತ್ರ ಹುಡುಕುತ್ತಿದ್ದದ್ದು ತುಂಬಿದ ಸಾಲನ್ನು, ಮೊದಲಿನಿಂದ ಕೊನೆಗೆ. ಮುಂಚೆ ನೌಕೆಯ ಯಂತ್ರವೇ ಸಾಲನ್ನು ಕೂಡಿಸಿ ಹಾಗೆ ಕಳಿಸುತ್ತಿತ್ತು. ಈಗ ಅಲ್ಲಿ ಕಡ್ಡಿಯೊಂದೇ ಇದೆ, ಕೈಯಿಂದ ಮಿಡಿಯಬೇಕು. ಕೈಗೆ ಗೊತ್ತಿರುವುದು ನಾನು ಕಲಿಸಿದ್ದು. ಸೂಜಿ ಹೊಳ್ಳುವುದು ಕೊನೆಯ ಹೊಲಿಗೆಯಿಂದ. ಬಿಟ್ಟ ಜಾಗಗಳನ್ನಷ್ಟೇ ತುಂಬುತ್ತ ಹಿಂದಕ್ಕೆ ಬರುವುದು.

"ಸಾಹೇಬ್ರ," ಎಂದೆ. ಅವರು ತಿರುಗಲಿಲ್ಲ. ಮತ್ತೆ ಅಂದೆ, "ಸಾಹೇಬ್ರ, ಇದು ಕೆಟ್ಟ ಭಾಗ ಅಲ್ಲ. ಇದು ಬರೂ ಎಳಿ. ಹಿಂದಿಂದ ಓದ್ರಿ. ಅವ ಹಿಂದಿಂದ ತುಂಬಾಕತ್ಯಾನ!"

ಕಾಗದ ತರಿಸಿ, ಚೌಕುಳಿ ಎಳೆದು, ಸ್ಪೀಕರಿನ ಸದ್ದನ್ನು ತುದಿಯಿಂದ ಮೊದಲಿಗೆ ತುಂಬಿದೆ. ನೀಲಗಂಗಾ ಗಂಟು ಹಾಕಿದ ಸಾಲು ನನ್ನ ಕಣ್ಣ ಮುಂದೆ ಪೂರ್ತಿಯಾಯಿತು. "ಸಾಕು. ಇನ್ನು ದೂರ ಬೇಡ."

ಇನಾಮದಾರ ಸಾಹೇಬರು ಫೋನೆತ್ತಿ ಮೇಲಿನವರಿಗೆ ಬೋಗುಣಿ ಹೊಳ್ಳುವುದಿಲ್ಲ ಎಂದರು. ಆ ಸೌಮ್ಯ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ನಾನು ನರಗುಂದದ ಬಸ್ ಸ್ಟ್ಯಾಂಡಿಗೆ ಫೋನು ಮಾಡಿದೆ. ಅವಳು ಆಗ ಮೈಕಿನ ಮುಂದೆ ಇದ್ದಳಂತೆ, ಗುಂಡಿ ಆರಿಸಿರಲಿಲ್ಲ. ಸವದತ್ತಿಯ ಬಸ್ಸಿಗೆ ಕಾಯುತ್ತಿದ್ದವರು, ಶೇಂಗಾ ಮಾರುವವರು, ಡ್ರೈವರು ಕಂಡಕ್ಟರುಗಳು ಎಲ್ಲರಿಗೂ ಕೇಳಿದ್ದು ಒಂದೇ ಮಾತು: "ಬದುಕ್ಯಾನ?" ಅದರ ಹಿಂದೆಯೇ ಬಿಕ್ಕಳಿಕೆ. ಯಾರು, ಏನು ಎಂದು ಒಬ್ಬರಿಗೂ ಗೊತ್ತಿಲ್ಲದಿದ್ದರೂ ಇಡೀ ಸ್ಟ್ಯಾಂಡು ಸ್ತಬ್ಧವಾಗಿತ್ತಂತೆ.

ಅವಳು ಬಂದವಳೇ ಮೊದಲು ಮಾಡಿದ ಕೆಲಸ, ಸೂಜಿಯ ಮೊನೆಯಿಂದ ಆ ಗಂಟನ್ನು ಬಿಚ್ಚಿದ್ದು. ಹಲ್ಲು ಕಚ್ಚಿ, ಬೈದುಕೊಳ್ಳುತ್ತ, ತಾಸುಗಟ್ಟಲೆ ಕೂತು ಬಿಚ್ಚಿದಳು. ಬಿಳಿ ದಾರವನ್ನು ಹೊಸದಾಗಿ ಸೇರಿಸಿ ಹಿಂದಕ್ಕೆ ಹೊರಟಳು.

ಅದಾದ ಮೇಲೆ ದಿನವೂ ಸಾಲುಗಳು ಬಂದವು. ಹೊಸದರಿಂದ ಹಳೆಯದಕ್ಕೆ, ನಿನ್ನೆಯಿಂದ ಮೊನ್ನೆಗೆ. ಒಂದನ್ನೂ ಅವನು ಬಿಟ್ಟಿರಲಿಲ್ಲ. ಅಷ್ಟು ಕಾಲ ಒಬ್ಬನೇ ಕೂತು ಕೇಳಿದ್ದ, ಕೇಳಿದ್ದನ್ನೆಲ್ಲ ಕೂಡಿಟ್ಟಿದ್ದ, ಪಿಸುಗುಟ್ಟಿದರೆ ಕೇಳಿಸುವ ದೂರಕ್ಕೆ ಬರುವವರೆಗೆ ಕಾದಿದ್ದ. "ಇವತ್ತೂ ಗದಗಿನ ಬಸ್ಸು ತಡವಾಗಿಯಾದರೂ ಬಂತು." "ನಿನ್ನ ನೀಲಿ ಅಂಗಿಯನ್ನು ನಾನು ಸುಟ್ಟೆ, ಇಸ್ತ್ರಿ ಮಾಡಲು ಹೋಗಿ." ನೀಲಗಂಗಾ ಓದಿ ಹಣೆ ಬಡಿದುಕೊಂಡಳು. "ಖರೇನ ಸುಟ್ಟೇನ್ರೀ! ಅಂವಗ ಹೆಂಗ ಗೊತ್ತಾತು?"

"ನಿನ್ನ ಇಸ್ತ್ರಿ ಅವ ನೋಡ್ಯಾನಲ್ಲ," ಎಂದೆ.

ಸೆರಗು ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬಂತು. ಚುಕ್ಕಿಗಳು ಕೂಡಿ ಗೆರೆಯಾದವು. ನಾನು ಪಕ್ಕದಲ್ಲಿ ಕೂತು ಎಣಿಕೆ ಹೇಳಿಕೊಡುತ್ತಿದ್ದೆ, ನಗುತ್ತಿದ್ದೆ, ಚಹಾ ಮಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಒಂದು ಭಯ ಇತ್ತು. ಅವಳ ಮೊದಲ ಸಾಲಿಗೆ ಎಲ್ಲವೂ ಮುಗಿಯುತ್ತದೆ. ಅದರ ಆಚೆಗಿನ ನನ್ನ ಸಾಲು ಬೋಗುಣಿ ಕೆಟ್ಟ ದಿನದ್ದು. ಅವನಿಗೆ ಅದು ತಲುಪಿತ್ತೋ ಇಲ್ಲವೋ.

ಅವಳ ಮೊದಲ ಸಾಲು ಬಂದ ದಿನ ಕೋಣೆಯಲ್ಲಿ ನಾವು ಮೂರೇ ಜನ. ನೀಲಗಂಗಾ ತಾನೇ ಚೌಕುಳಿ ತುಂಬಿದಳು. ಕೊನೆಯ ಗೆರೆ ಹಾಕಿ ಪೆನ್ಸಿಲು ಕೆಳಗಿಟ್ಟು ಎದ್ದು ಕಿಟಕಿಯ ಹತ್ತಿರ ಹೋದಳು. ಕಾಗದ ನನ್ನ ಮುಂದಿತ್ತು. "ಆ ದಿನ ನಾನು ಬರಲಿಲ್ಲ, ಯಾಕೆಂದರೆ ಬಂದಿದ್ದರೆ ನೀನು ಹೋಗುತ್ತಿರಲಿಲ್ಲ."

"ನಾ ಸಿಟ್ಟಿಲೆ ಬಂದಿರಲಿಲ್ರೀ," ಎಂದಳು ಅವಳು ಹೊರಗೆ ನೋಡುತ್ತಲೇ. "ಬರೇ ಸಿಟ್ಟು. ಅಂವ ಅದನ್ನ ಹಿಂಗ ತುಂಬ್ಯಾನ." ಅಳುತ್ತಿದ್ದಳು. ನನಗೂ ಕಣ್ಣು ಮಂಜಾಯಿತು. ಸೀರೆಯನ್ನು ಮಡಚತೊಡಗಿದೆ. ಮುಗಿಯಿತಲ್ಲ ಎಂದುಕೊಂಡೆ. ಇನ್ನು ಕೆಲವು ತಿಂಗಳಲ್ಲಿ ಅವನು ಇಳಿಯುತ್ತಾನೆ, ಇಬ್ಬರೂ ನರಗುಂದಕ್ಕೆ ಹೋಗುತ್ತಾರೆ, ಎದುರೆದುರು ಕೂತು ಕನ್ನಡದಲ್ಲಿ ಜಗಳಾಡುತ್ತಾರೆ. ಎಳೆನುಡಿ ಯಾರಿಗೆ ಬೇಕು? ಹಾಗಾಗಬೇಕೆಂದೇ ಅದನ್ನು ಕಟ್ಟಿದ್ದು. ಆದರೂ ಎದೆಯಲ್ಲಿ ನೋವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ನೋವಾಯಿತು.

"ಅಂಬಕ್ಕಾರ," ಎಂದರು ಇನಾಮದಾರ ಸಾಹೇಬರು. "ತಡೀರಿ. ಇನ್ನೂ ಬರಾಕತ್ತದ."

ಸ್ಪೀಕರಿನಲ್ಲಿ ಟಕ್, ಟಕ್. ನೀಲಗಂಗಾ ಕಿಟಕಿಯಿಂದ ತಿರುಗಿದಳು. ಸೀರೆಯನ್ನು ನನ್ನ ಕೈಯಿಂದ ಕಸಿದುಕೊಂಡು, ಬಿಚ್ಚಿ, ಸೆರಗಿನ ಮೂಲೆಯನ್ನು ಮೇಜಿನ ಮೇಲೆ ಹರಡಿದಳು. ಕೈ ಪಳಗಲಿ ಎಂದು ನಾನು ಹಾಕಿದ್ದ ಸಾಲು.

"ಇದು ನಿಮ್ಮದು. ನನಗ ಮದಲ ಗೊತ್ತಿತ್ತು," ಎಂದಳು. "ತುಂಬ್ರಿ."

ನಾನು ಪೆನ್ಸಿಲನ್ನು ಅವಳ ಕಡೆಗೆ ಸರಿಸಿದೆ. ಅವಳೇ ಪೆನ್ಸಿಲು ಹಿಡಿದು, ಸದ್ದನ್ನು ಕೇಳಿ ಕೇಳಿ, ತುದಿಯಿಂದ ಮೊದಲಿಗೆ ಒಂದೊಂದೇ ಗೆರೆ ಹಾಕಿದಳು. ತುಂಬಿದ ಸಾಲನ್ನು ನನ್ನ ಕಡೆಗೆ ತಿರುಗಿಸಿದಳು.

"ಈ ಮನೆಯಲ್ಲಿ ಮೂವರು ಇದ್ದಾರೆ."

ಅದರ ಕೆಳಗೆ ಮೂರು ಮೆಟ್ಟಿಲು ಹಾಕಿದ್ದ. ಕಣ್ಣಾರೆ ಕಂಡದ್ದು ಎಂಬ ಗುರುತು. ಅಷ್ಟು ದೂರದ ನೌಕೆಯಿಂದ ನಮ್ಮ ಮಾಳಮಡ್ಡಿಯ ಮನೆ ಕಾಣುವುದಿಲ್ಲ. ಭಾಷೆ ಕಟ್ಟಿದವಳಾಗಿ ನಾನು ಆಸೆಯ ಒಂದನ್ನು ಉಳಿಸಿ ಎರಡು ಮೆಟ್ಟಿಲು ಹೊಡೆದುಹಾಕಬೇಕಿತ್ತು.

ತಿದ್ದಲಿಲ್ಲ. ಸೂಜಿಗೆ ದಾರ ಹಾಕಿಕೊಡು ಎಂದು ನೀಲಗಂಗಾಳಿಗೆ ಹೇಳಿದೆ, ನನಗೆ ಕಣ್ಣು ಕಾಣುತ್ತಿರಲಿಲ್ಲ.